ಮಾರುತಿ ಕಾರಿಗೆ ಟೊಯೋಟಾ ಡಬ್ಬದ ಆಯಿಲ್ ಹಾಕಬಹುದಾ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ಬೆಣ್ಣೆನಗರಿ ಡಿಸೈರ್

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡಿಸೈರ್, ಪೆಟ್ರೋಲ್. 62 ಸಾವಿರ ಕಿಮೀ ಆಗಿದೆ. ವಾರಂಟಿ ಮುಗಿದು ಎಷ್ಟೋ ದಿನ ಆಯಿತು. ಇಲ್ಲಿವರೆಗೆ ಕಂಪನಿ ಸರ್ವಿಸ್‌ಗೇ ಬಿಡುತ್ತಿದ್ದೆ. ಈ ಸಲ ಹದಡಿ ರಸ್ತೆ ಕಡೆ ಇರುವ ಗುರುತಿನ ಮೆಕ್ಯಾನಿಕ್ ಹತ್ತಿರ ಮಾಡಿಸೋಣ ಅಂತಿದ್ದೇನೆ. ಅವರು ಒಂದೇ ಮಾತು ಹೇಳಿದರು: "ಆಯಿಲ್, ಫಿಲ್ಟರ್ ನೀವೇ ತಂದುಬಿಡಿ ಸರ್. ನಾಳೆ ಏನಾದ್ರೂ ಆದ್ರೆ ನನ್ನ ಮೇಲೆ ಬರಬೇಡಿ."

ಸರಿ ಅಂತ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದೆ. ಕಾರಿನ ಜೊತೆ ಬಂದ ಪುಸ್ತಕದಲ್ಲಿ 0ಡಬ್ಲ್ಯು-20 ಅಂತ ಇದೆ ಅಂದೆ. ಅಂಗಡಿಯವರು ಟೇಬಲ್ ಮೇಲೆ ಮೂರು ಡಬ್ಬ ಇಟ್ಟರು. ಒಂದು ಮಾರುತಿಯದು, ಒಂದು ಟೊಯೋಟಾದ್ದು, ಇನ್ನೊಂದು ಹೋಂಡಾದ್ದು. ಮೂರರ ಮೇಲೂ 0ಡಬ್ಲ್ಯು-20. ಟೊಯೋಟಾದ್ದೇ ಎಲ್ಲಕ್ಕಿಂತ ಅಗ್ಗ. "ಇದನ್ನೇ ಹಾಕಿ ಸರ್, ಇನ್ನೋವಾ ನೋಡಿದ್ದೀರಲ್ಲ, ಲಕ್ಷಗಟ್ಟಲೆ ಓಡುತ್ತೆ" ಅಂದರು. ಇನ್ನೋವಾ ಓಡೋದು ಆಯಿಲ್‌ನಿಂದಾನಾ ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ.

ಮನೆಗೆ ಬಂದರೆ ಇನ್ನೂ ಗೊಂದಲ. ಮಾರುತಿ ಬಿಟ್ಟು ಬೇರೆ ಹಾಕಿದರೆ ಎಂಜಿನ್ ಸೀಜ್ ಆಗುತ್ತೆ ಅಂತ ಭಾವಮೈದ. ಮೊದಲು ಲಾರಿ ಇಟ್ಟಿದ್ದ ಚಿಕ್ಕಪ್ಪನದು ಬೇರೆ ರಾಗ. "0ಡಬ್ಲ್ಯು ಅಂದ್ರೆ ಕಾಶ್ಮೀರಕ್ಕೆ. ನಮ್ಮೂರಲ್ಲಿ ಬೇಸಿಗೆಗೆ 40 ಡಿಗ್ರಿ. ಆ ನೀರು ಹಾಕಬೇಡ, 20ಡಬ್ಲ್ಯು-40 ಹಾಕು" ಅಂತಾರೆ.

ಓಡಾಟ ಹೀಗಿದೆ: ಮನೆಯವರು ದಿನಾ 4 ಕಿಮೀ ಶಾಲೆಗೆ ಹೋಗಿ ಬರುತ್ತಾರೆ. ತಿಂಗಳಿಗೊಮ್ಮೆ ಬೆಂಗಳೂರು. ಏನು ಹಾಕಲಿ?

ಕೋಟೆನಾಡಿನ ಗಾಳಿ

ಅಣ್ಣಾ, ಮೊದಲು ಒಂದು ವಿಷಯ. ಮಾರುತಿಯವರೂ ಎಣ್ಣೆ ಬಾವಿ ತೋಡಿಲ್ಲ, ಟೊಯೋಟಾದವರೂ ತೋಡಿಲ್ಲ. ಕಾರು ಕಂಪನಿ "ನಮಗೆ ಇಂಥ ಗುಣದ ಆಯಿಲ್ ಬೇಕು" ಅಂತ ಬರೆದುಕೊಡುತ್ತೆ. ಆಯಿಲ್ ಕಂಪನಿ ಮಾಡಿಕೊಡುತ್ತೆ. ಡಬ್ಬದ ಮೇಲೆ ಕಾರಿನ ಹೆಸರು ಬೀಳುತ್ತೆ. ಸುಜುಕಿ ಎಕ್ಸ್‌ಟಾರ್ ಅನ್ನುತ್ತೆ, ಮಹೀಂದ್ರಾ ಮ್ಯಾಕ್ಸಿಮೈಲ್ ಅನ್ನುತ್ತೆ, ಟಾಟಾ ಜೆನ್ಯೂನ್ ಆಯಿಲ್ ಅನ್ನುತ್ತೆ.

ನಂದು ಗ್ಲಾನ್ಜಾ. 2019ರಲ್ಲಿ ಬಂದ ಮಾಡೆಲ್. ಬಾನೆಟ್ ಎತ್ತಿದರೆ ಒಳಗೆ ಮಾರುತಿ ಬಲೆನೊದ ಎಂಜಿನ್. ನಮ್ಮ ತಮ್ಮನದು ಬಲೆನೊ. ಅವನು ಮಾರುತಿ ಸರ್ವಿಸ್‌ಗೆ ಹೋದರೆ ಮಾರುತಿ ಹೆಸರಿನ ಆಯಿಲ್ ಬೀಳುತ್ತೆ. ನಾನು ಟೊಯೋಟಾ ಸರ್ವಿಸ್‌ಗೆ ಹೋದರೆ ಟೊಯೋಟಾ ಹೆಸರಿನದು. ಎಂಜಿನ್‌ಗೆ ಓದು ಬರಹ ಬರಲ್ಲ ಅಲ್ವಾ. ಅದಕ್ಕೆ ಯಾವ ಡಬ್ಬದಿಂದ ಬಂತು ಅಂತ ಹೇಗೆ ಗೊತ್ತಾಗಬೇಕು?

ನಿಮ್ಮ ಭಾವಮೈದನ ಮಾತು ನಿಜ ಆಗಿದ್ದರೆ ನನ್ನ ಕಾರು ಇಷ್ಟೊತ್ತಿಗೆ ಚಂದ್ರವಳ್ಳಿ ತೋಟದ ಪಕ್ಕ ಸೀಜ್ ಆಗಿ ನಿಲ್ಲಬೇಕಿತ್ತು.

ಹಳೇ ಮಲ್ಟಿಜೆಟ್

ಗ್ಲಾನ್ಜಾ ಏನು ಬಂತು, ನಮ್ಮ ಮನೆ ಕಥೆ ಇನ್ನೂ ಹಳೇದು. ಆಗ ಅಪ್ಪನ ಹತ್ತಿರ ಸ್ವಿಫ್ಟ್ ಡೀಸೆಲ್. ದೊಡ್ಡಪ್ಪನ ಹತ್ತಿರ ಇಂಡಿಕಾ ವಿಸ್ಟಾ. ಅತ್ತೆ ಮಗನ ಹತ್ತಿರ ಫಿಯೆಟ್ ಲೀನಿಯಾ. ಮೂರರಲ್ಲೂ ಇದ್ದದ್ದು ಫಿಯೆಟ್‌ನ ಅದೇ 1.3 ಲೀಟರ್ ಡೀಸೆಲ್ ಎಂಜಿನ್. ಮಾರುತಿ ಅದನ್ನು ಡಿಡಿಐಎಸ್ ಅಂದಿತು, ಟಾಟಾ ಕ್ವಾಡ್ರಾಜೆಟ್ ಅಂದಿತು, ಫಿಯೆಟ್ ಮಲ್ಟಿಜೆಟ್ ಅಂದಿತು.

ಹರಿಹರದಲ್ಲಿ ಒಂದು ಮದುವೆ. ಛತ್ರದ ಹೊರಗೆ ಮೂರೂ ಕಾರು ಸಾಲಾಗಿ ನಿಂತಿದ್ದವು. ಊಟ ಆದ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮೂವರೂ ಯಾರ ಕಂಪನಿ ಆಯಿಲ್ ಒಳ್ಳೇದು ಅಂತ ಒಂದು ಗಂಟೆ ವಾದ ಮಾಡಿದರು. ದೊಡ್ಡಪ್ಪ ಮುನಿಸಿಕೊಂಡು ಬೀಗರ ಕಾರಲ್ಲಿ ಊರಿಗೆ ಹೋದರು. ಒಂದೇ ಎಂಜಿನ್ ಅಂತ ಮೂವರಿಗೂ ಗೊತ್ತಿರಲಿಲ್ಲ.

ಗ್ರೀಸ್ ಕೈ

ಹರಿಹರದಲ್ಲಿ ಗ್ಯಾರೇಜ್ ಇಟ್ಟು 20 ವರ್ಷದ ಮೇಲಾಯಿತು. ಡಿಸೈರ್ ಸರ್, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಚಿಕ್ಕಪ್ಪನ ಮಾತಿಂದ ಶುರು ಮಾಡುತ್ತೇನೆ. ಆ ಮಾತನ್ನು ವಾರಕ್ಕೆ ಮೂರು ಸಲ ಕೇಳುತ್ತೇನೆ. 0ಡಬ್ಲ್ಯು-20 ಅನ್ನುವುದರಲ್ಲಿ ಎರಡು ನಂಬರ್ ಇದೆ. ಡಬ್ಲ್ಯು ಅಂದರೆ ವಿಂಟರ್, ಚಳಿಗಾಲ. ಮೊದಲನೇ ನಂಬರ್ ಎಂಜಿನ್ ತಣ್ಣಗಿದ್ದಾಗಿನ ಗುಣ ಹೇಳುತ್ತೆ. ಎರಡನೇ ನಂಬರ್ ಎಂಜಿನ್ ಬಿಸಿಯಾದ ಮೇಲಿನ ಗುಣ ಹೇಳುತ್ತೆ, ಅದನ್ನು 100 ಡಿಗ್ರಿಯಲ್ಲಿ ಅಳೆಯುತ್ತಾರೆ. 0ಡಬ್ಲ್ಯು-20 ಮತ್ತು 5ಡಬ್ಲ್ಯು-20 ಬಿಸಿಯಲ್ಲಿ ಒಂದೇ ವರ್ಗ. ಸೊನ್ನೆ ಇದೆ ಅಂತ ಬಿಸಿಯಲ್ಲಿ ನೀರಾಗಲ್ಲ.

ಈಗ 40 ಡಿಗ್ರಿ ಬಿಸಿಲಿನ ವಿಷಯ. ಎಂಜಿನ್ ಒಳಗೆ ಥರ್ಮೋಸ್ಟಾಟ್ ಅಂತ ಇರುತ್ತೆ. ಊಟಿಯಲ್ಲಿರಲಿ ಬಳ್ಳಾರಿಯಲ್ಲಿರಲಿ, ಅದು ಕೂಲೆಂಟನ್ನು, ಅಂದರೆ ಎಂಜಿನ್ ತಣ್ಣಗಿಡುವ ದ್ರವವನ್ನು, ಸುಮಾರು 80ರಿಂದ 95 ಡಿಗ್ರಿ ನಡುವೆ ಹಿಡಿದಿಡುತ್ತೆ. ಆಯಿಲ್ ಅದರ ಆಸುಪಾಸಿನಲ್ಲೋ ಸ್ವಲ್ಪ ಮೇಲೋ ಇರುತ್ತೆ. ಹೊರಗೆ ಬಿಸಿಲು ಜಾಸ್ತಿ ಇದ್ದರೆ ರೇಡಿಯೇಟರ್ ಫ್ಯಾನ್‌ಗೆ ಕೆಲಸ ಜಾಸ್ತಿ, ಅಷ್ಟೇ. ನಮ್ಮೂರ ಬೇಸಿಗೆಯೂ ಸೇರಿಸಿಯೇ ಆ ಪುಸ್ತಕ ಬರೆದಿರುತ್ತಾರೆ. ಮಾರುತಿಯವರು ಕಾರು ಮಾರುವುದು ಇಂಡಿಯಾದಲ್ಲೇ ಅಲ್ವಾ.

ಹಾಗಿದ್ದರೆ ಮೊದಲಿನ ಆ ಸೊನ್ನೆಯಿಂದ ನಮಗೇನು ಲಾಭ? ರಾತ್ರಿಯೆಲ್ಲ ನಿಂತ ಕಾರಲ್ಲಿ ಆಯಿಲ್ ಕೆಳಗೆ ಸಂಪ್‌ಗೆ ಇಳಿದಿರುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಪಂಪ್ ಅದನ್ನು ಮೇಲಕ್ಕೆ ಎತ್ತಬೇಕು. ಎಂಜಿನ್ ಸವೆಯೋದು ಆ ಮೊದಲ ಹೊತ್ತಿನಲ್ಲೇ ಜಾಸ್ತಿ. ತಣ್ಣಗಿರುವಾಗ 20ಡಬ್ಲ್ಯು-40 ಈ 0ಡಬ್ಲ್ಯು-20ಗಿಂತ ಎರಡೂವರೆ, ಮೂರು ಪಟ್ಟು ಗಟ್ಟಿ. ಬೆಲ್ಲದ ಪಾಕಕ್ಕೂ ಪಾನಕಕ್ಕೂ ಇರುವ ಹಾಗೆ. ದಿನಾ 4 ಕಿಮೀ ಓಡುವ ಕಾರಿಗೆ ಬೇಗ ಮೇಲೇರುವ ಆಯಿಲೇ ಬೇಕು.

ಇನ್ನೊಂದು ಕಾರಣ. ನಿಮ್ಮ ಎಂಜಿನ್‌ನಲ್ಲಿ ವಿವಿಟಿ ಇದೆ. ವಾಲ್ವ್ ಯಾವಾಗ ತೆಗೆಯಬೇಕು ಅನ್ನುವುದನ್ನು ಹಿಂದೆ ಮುಂದೆ ಮಾಡುವ ಏರ್ಪಾಡು. ಅದು ನಡೆಯೋದೇ ಆಯಿಲ್ ಒತ್ತಡದಿಂದ, ಸಣ್ಣ ಸಣ್ಣ ದಾರಿಗಳಲ್ಲಿ. ಅಲ್ಲಿಗೆ ಲಾರಿ ಆಯಿಲ್ ಸುರಿದರೆ ಎಂಜಿನ್ ಅವತ್ತೇ ಕೆಡಲ್ಲ, ಆದರೆ ಮಂದ ಆಗುತ್ತೆ. ಮೈಲೇಜೂ ಇಳಿಯುತ್ತೆ. ಚಿಕ್ಕಪ್ಪನ ಲಾರಿಗೆ ಅವರು ಹೇಳಿದ್ದು ಸರಿಯೇ ಇತ್ತು. ಕಾರು ಬೇರೆ.

ಡಬ್ಬದ ಹಿಂದೆ ತಿರುಗಿಸಿ ನೋಡಿ. ಎಪಿಐ ಅಂತ ಒಂದು ದುಂಡು ಗುರುತು ಇದೆಯಾ, ಅದರಲ್ಲಿ ಏನು ಬರೆದಿದೆ ಅಂತ ಹೇಳಿ. ಮುಂದಿನ ಚಿತ್ರ ಬಿಡಿ.

ಬೆಣ್ಣೆನಗರಿ ಡಿಸೈರ್

ಫೋಟೋ ತೆಗೆದುಕೊಂಡು ಬಂದಿದ್ದೆ, ಈಗ ದೊಡ್ಡದು ಮಾಡಿ ನೋಡಿದೆ. ಮಾರುತಿ ಮತ್ತು ಹೋಂಡಾ ಡಬ್ಬದಲ್ಲಿ ಎಪಿಐ ಎಸ್‌ಪಿ ಅಂತ ಇದೆ. ಟೊಯೋಟಾ ಡಬ್ಬದಲ್ಲಿ ಎಸ್‌ಎನ್. ಇದೇನು ವ್ಯತ್ಯಾಸ?

ಚಳ್ಳಕೆರೆ ಟ್ಯಾಕ್ಸಿ

ಇಷ್ಟೆಲ್ಲ ಯಾಕ್ರಿ. ನನ್ನ ಹಳೇ ಇನ್ನೋವಾ 2.5ಕ್ಕೆ ಮೊದಲಿಂದ 15ಡಬ್ಲ್ಯು-40. ಸಿಕ್ಕ ಒಳ್ಳೆ ಕಂಪನಿದು ಹಾಕಿದ್ದೇನೆ, ಟೈಮಿಗೆ ಸರಿಯಾಗಿ ಬದಲಿಸಿದ್ದೇನೆ. ಎಂಜಿನ್ ಇನ್ನೂ ಬಿಚ್ಚಿಲ್ಲ. ಹೆಸರು ನೋಡಿ ಹಾಕಿದವರು ತುಂಬ ಜನ ನನ್ನ ಮುಂದೆ ಎಂಜಿನ್ ಇಳಿಸಿದ್ದಾರೆ, ಯಾಕೆಂದರೆ ಬದಲಿಸೋದನ್ನೇ ಮರೆತಿದ್ದರು.

ಮೆಕ್ಯಾನಿಕಲ್ ಮೇಷ್ಟ್ರು

ಎಸ್‌ಎನ್, ಎಸ್‌ಪಿ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಇದೇ ಪಾಠ ಮಾಡಿ ಮಾಡಿ ಬಾಯಿಪಾಠ ಆಗಿದೆ.

ಎಪಿಐ ಅನ್ನೋದು ಅಮೆರಿಕದ ಪೆಟ್ರೋಲಿಯಂ ಸಂಸ್ಥೆ. ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಎಸ್ ಅಕ್ಷರದಿಂದ ದರ್ಜೆ ಕೊಡುತ್ತಾರೆ. ಎಸ್‌ಎನ್ ಬಂದದ್ದು 2010ರಲ್ಲಿ. ಎಸ್‌ಪಿ ಬಂದದ್ದು 2020ರಲ್ಲಿ. 2025ರಲ್ಲಿ ಎಸ್‌ಕ್ಯು ಕೂಡ ಬಂದಿದೆ. ಹೊಸ ದರ್ಜೆ ಹಳೇ ಎಂಜಿನ್‌ಗೂ ನಡೆಯುತ್ತೆ. ಪುಸ್ತಕದಲ್ಲಿ ಎಸ್‌ಎನ್ ಅಂತ ಇದ್ದರೆ ಎಸ್‌ಪಿ ಹಾಕಬಹುದು. ಉಲ್ಟಾ ಮಾಡಬಾರದು.

ಎಸ್‌ಪಿಯಲ್ಲಿ ಎರಡು ಪರೀಕ್ಷೆ ಮುಖ್ಯ. ಒಂದು, ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳಲ್ಲಿ ಕಡಿಮೆ ವೇಗದಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಸ್ಪಾರ್ಕ್‌ಗೂ ಮೊದಲೇ ಇಂಧನ ಹೊತ್ತಿಕೊಳ್ಳುವ ತೊಂದರೆ. ಪಿಸ್ಟನ್ ಒಡೆಯುವ ತನಕ ಹೋಗಬಹುದು. ಡಿಸೈರ್‌ಗೆ ಅದು ಸಂಬಂಧ ಇಲ್ಲ, ಟರ್ಬೊ ಇಲ್ಲವಲ್ಲ. ಎರಡನೆಯದು ಟೈಮಿಂಗ್ ಚೈನ್ ಸವೆತ. ಅದು ಸಂಬಂಧ ಇದೆ, ನಿಮ್ಮದರಲ್ಲಿ ಚೈನೇ ಇರೋದು.

ಹಾಗಂತ ಎಸ್‌ಎನ್ ಹಾಕಿದರೆ ಕೆಟ್ಟುಹೋಗುತ್ತೆ ಅಂತಲ್ಲ. 2018ರಲ್ಲಿ ಕಾರು ತಗೊಂಡಾಗ ನಿಮ್ಮದರಲ್ಲಿ ಎಸ್‌ಪಿ ಇರಲು ಸಾಧ್ಯವೇ ಇರಲಿಲ್ಲ, ಅದು ಹುಟ್ಟೇ ಇರಲಿಲ್ಲ. ಆದರೆ ನನಗೆ ಅನುಮಾನ ಬರೋದು ಇಲ್ಲಿ: ಈಗಲೂ ಎಸ್‌ಎನ್ ಅಂತಿರುವ ಡಬ್ಬ ಎಷ್ಟು ದಿನದಿಂದ ಆ ಅಂಗಡಿಯಲ್ಲಿ ಕೂತಿದೆ? ತಯಾರಿಸಿದ ತಿಂಗಳು ನೋಡಿ. ಅಗ್ಗ ಯಾಕೆ ಅನ್ನೋದಕ್ಕೆ ಉತ್ತರ ಅಲ್ಲೇ ಸಿಗಬಹುದು.

ಇನ್ನೊಂದು, ಜನ ನಂಬರ್ ಕೇಳುತ್ತಾರೆ ಅಂತ ಹೇಳುತ್ತೇನೆ. 100 ಡಿಗ್ರಿಯಲ್ಲಿ 20 ಅನ್ನುವ ಆಯಿಲ್‌ನ ಸ್ನಿಗ್ಧತೆ, ಅಂದರೆ ಗಟ್ಟಿತನ, 6.9ರಿಂದ 9.3 ಸೆಂಟಿಸ್ಟೋಕ್ ಒಳಗೆ ಇರಬೇಕು. 30ಕ್ಕೆ 9.3ರಿಂದ 12.5. 40ಕ್ಕೆ 12.5ರಿಂದ 16.3. ಯಾವ ಕಾರು ಕಂಪನಿಯ ಹೆಸರಿದ್ದರೂ ಈ ಗೆರೆ ದಾಟುವ ಹಾಗಿಲ್ಲ. ಫುಲ್ಲಿ ಸಿಂಥೆಟಿಕ್ ಅನ್ನುವ ಮಾತು ಮಾತ್ರ ಇಷ್ಟು ಬಿಗಿಯಿಲ್ಲ. 1999ರಲ್ಲಿ ಅಮೆರಿಕದಲ್ಲಿ ಮೊಬಿಲ್, ಕ್ಯಾಸ್ಟ್ರಾಲ್ ನಡುವೆ ಇದೇ ಜಗಳ ಆಯಿತು. ಕಚ್ಚಾ ಎಣ್ಣೆಯನ್ನೇ ಚೆನ್ನಾಗಿ ಸಂಸ್ಕರಿಸಿ ಮಾಡಿದ್ದಕ್ಕೂ ಸಿಂಥೆಟಿಕ್ ಅನ್ನಬಹುದು ಅಂತ ತೀರ್ಮಾನ ಬಂತು. ಅದಕ್ಕೇ ಆ ಪದಕ್ಕೆ ದುಡ್ಡು ಜಾಸ್ತಿ ಕೊಡುವ ಮುಂಚೆ ದರ್ಜೆ ನೋಡಿ ಅಂತ ಹೇಳೋದು.

ಅಡಿಕೆ ಗಾಡಿ

ಚನ್ನಗಿರಿ ಕಡೆಯಿಂದ. ನೀವೆಲ್ಲ ಯಾವ ಡಬ್ಬ ಆದರೂ ಒಂದೇ ಅನ್ನುವ ಹಾಗೆ ಮಾತಾಡುತ್ತಿದ್ದೀರಿ. ಡೀಸೆಲ್ ಕಾರಿನವರು ಇದನ್ನು ಓದಿ ಹಾಳಾಗಬಾರದು ಅಂತ ಬರೆಯುತ್ತಿದ್ದೇನೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6, ಅಂದರೆ ಹೊಸ ಹೊಗೆ ನಿಯಮದ, ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಇರುತ್ತೆ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಜರಡಿ. ಮಸಿ ತುಂಬಿದಾಗ ಎಂಜಿನ್ ಹೆಚ್ಚಿಗೆ ಡೀಸೆಲ್ ಬಿಟ್ಟು ಬಿಸಿ ಮಾಡಿ ಅದನ್ನು ಸುಡುತ್ತೆ. ಮಸಿ ಸುಟ್ಟು ಹೋಗುತ್ತೆ, ಬೂದಿ ಹೋಗಲ್ಲ. ಆ ಬೂದಿ ಬರೋದು ಮುಖ್ಯವಾಗಿ ಎಂಜಿನ್ ಆಯಿಲ್‌ನ ಸೇರ್ಪಡೆಗಳಿಂದ. ಅದಕ್ಕೇ ಈ ಗಾಡಿಗಳಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಡಬ್ಬದ ಮೇಲೆ ಎಸಿಇಎ (ಯುರೋಪಿನ ದರ್ಜೆ) ಸಿ2, ಸಿ3 ಅಂತ ಇರುತ್ತೆ. ನಿಮ್ಮ ಪುಸ್ತಕದಲ್ಲಿ ಯಾವ ಸಿ ಇದೆಯೋ ಅದೇ.

ನಮ್ಮ ಅಣ್ಣನ ಮಗ ಇಂಥದೇ ಕಾರಲ್ಲಿ ತೋಟಕ್ಕೆ ಹೋಗಿದ್ದಾಗ ಆಯಿಲ್ ಲೆವೆಲ್ ಕಡಿಮೆ ತೋರಿಸ್ತು ಅಂತ ಟ್ರ್ಯಾಕ್ಟರ್‌ಗೆ ತಂದಿಟ್ಟ ಆಯಿಲ್ ಒಂದೂವರೆ ಲೀಟರ್ ಸುರಿದ. "ಅದೂ ಡೀಸೆಲ್, ಇದೂ ಡೀಸೆಲ್" ಅಂತ ಅವನ ಲೆಕ್ಕ. ಪುಣ್ಯಕ್ಕೆ ಸಂಜೆಯೇ ಹೇಳಿದ. ಪೂರ್ತಿ ಬಸಿದು ಹೊಸದು ಹಾಕಿಸಿದೆವು. ಹಾಗೇ ಓಡಿಸಿದ್ದರೆ ಜರಡಿ ಬೇಗ ಕಟ್ಟಿಕೊಳ್ಳುತ್ತಿತ್ತು. ಹೊಸ ಡಿಪಿಎಫ್ ರೇಟ್ ಒಂದ್ಸಲ ವಿಚಾರಿಸಿ ನೋಡಿ, ಒಂದು ಫಸಲು ಹೋಗುತ್ತೆ.

ಇನ್ನೊಂದು ವಿಚಿತ್ರ. ಈ ಗಾಡಿಗಳಲ್ಲಿ ಆಯಿಲ್ ಕಡಿಮೆ ಆಗುವ ಬದಲು ಜಾಸ್ತಿ ಆಗಬಹುದು. ಊರೊಳಗೇ ಓಡಿಸಿ, ಮಸಿ ಸುಡುತ್ತಿರುವಾಗಲೇ ಪದೇ ಪದೇ ಆಫ್ ಮಾಡಿದರೆ, ಹೆಚ್ಚಿಗೆ ಬಿಟ್ಟ ಡೀಸೆಲ್ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಡಿಪ್‌ಸ್ಟಿಕ್, ಅಂದರೆ ಆಯಿಲ್ ಅಳೆಯುವ ಕಡ್ಡಿ, ಎಳೆದಾಗ ಮೇಲಿನ ಗೆರೆ ದಾಟಿದ್ದರೆ, ಡೀಸೆಲ್ ವಾಸನೆ ಬಂದರೆ, "ಆಹಾ ತುಂಬಾ ಇದೆ" ಅಂತ ಖುಷಿ ಪಡಬೇಡಿ. ಬದಲಿಸಿ. ಆಗಾಗ ಹೈವೇಗೆ ಬಿಡಿ. ದಾವಣಗೆರೆ ಬಿಟ್ಟು ಆನಗೋಡು ದಾಟಿ ಭರಮಸಾಗರ ಮುಟ್ಟುವಷ್ಟರಲ್ಲಿ ಸುಡುವ ಕೆಲಸ ಸಾಮಾನ್ಯವಾಗಿ ಮುಗಿದಿರುತ್ತೆ.

ಗ್ರೀಸ್ ಕೈ

ಅಡಿಕೆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಾನು ಪೆಟ್ರೋಲ್ ಬಗ್ಗೆ ಮಾತ್ರ ಹೇಳಿದ್ದು.

ವಿದ್ಯಾನಗರದ ಅಕ್ಕ

ನನ್ನದು ಸಣ್ಣ ಕಾರು. ವರ್ಷಕ್ಕೆ 3,500 ಕಿಮೀ ಆದರೆ ಹೆಚ್ಚು. 10 ಸಾವಿರ ಆಗೋವರೆಗೆ ಆಯಿಲ್ ಬದಲಿಸೋದು ಬೇಡ ಅಂತ ಮನೆಯವರು. ಹಾಗೆ ನೋಡಿದರೆ ಮೂರು ವರ್ಷ ಬೇಕು!

ಬ್ರ್ಯಾಂಡ್ ವಿಷಯಕ್ಕಿಂತ ನನಗೆ ಬಿಲ್ ವಿಷಯ ಹೇಳಬೇಕು. ಹೋದ ವರ್ಷ ಒಂದು ಸರ್ವಿಸ್ ಸೆಂಟರ್‌ಗೆ ಬಿಟ್ಟಿದ್ದೆ. ಊರು, ಹೆಸರು ಬೇಡ. ಬಿಲ್ ನೋಡಿದರೆ ಆಯಿಲ್ 4 ಲೀಟರ್. ಜೊತೆಗೆ ಎಂಜಿನ್ ಫ್ಲಶ್, ಎಂಜಿನ್ ಕೋಟಿಂಗ್ ಅಂತ ಇನ್ನೆರಡು ಸಾಲು. ನಾನು ಸುಮ್ನೆ ಕೂತು ಕಾರಿನ ಪುಸ್ತಕ ತೆಗೆದೆ. ಫಿಲ್ಟರ್ ಸೇರಿಸಿ ಎಷ್ಟು ಹಿಡಿಯುತ್ತೆ ಅಂತ ಕೊನೆಯ ಪುಟಗಳಲ್ಲಿ ಇರುತ್ತೆ. 3 ಲೀಟರ್ ಕೂಡ ಇರಲಿಲ್ಲ. "ಈ ಹೆಚ್ಚಿನ ಒಂದು ಲೀಟರ್ ಎಲ್ಲಿ ಹಾಕಿದ್ರಿ, ಸೀಟಿಗಾ?" ಅಂತ ಕೇಳಿದೆ. ಕಂಪ್ಯೂಟರ್ ತಪ್ಪು ಮೇಡಂ ಅಂದರು. ಬಿಲ್ ಬದಲಾಯಿತು. ಫ್ಲಶ್, ಕೋಟಿಂಗ್ ಎರಡೂ ಹೋದವು.

ಅವರು ಹಾಕೋದು ಡಬ್ಬದಿಂದಲ್ಲ, 210 ಲೀಟರ್ ಬ್ಯಾರೆಲ್‌ನಿಂದ ಪೈಪ್‌ನಲ್ಲಿ. ಹಾಗಾಗಿ ಎಷ್ಟು ಹಾಕಿದರು ಅಂತ ನಮಗೆ ಕಾಣೋದು ಡಿಪ್‌ಸ್ಟಿಕ್‌ನಲ್ಲಿ ಮಾತ್ರ. ಹೆಣ್ಣುಮಕ್ಕಳು ಬಾನೆಟ್ ಎತ್ತಿ ಕೇಳಿದರೆ ಸ್ವಲ್ಪ ಗಾಬರಿ ಆಗುತ್ತಾರೆ, ಅದು ಒಳ್ಳೇದೇ.

ಗ್ರೀಸ್ ಕೈ

ಅಕ್ಕಾ, ಸೀಟಿಗಾ ಅಂದಿದ್ದಕ್ಕೆ ನಮ್ಮ ಹುಡುಗರೆಲ್ಲ ನಗುತ್ತಿದ್ದಾರೆ.

ಮನೆಯವರಿಗೆ ಹೇಳಿ: 10 ಸಾವಿರ ಕಿಮೀ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಪುಸ್ತಕದಲ್ಲಿ ಹಾಗೇ ಇರುತ್ತೆ. ಕಡಿಮೆ ಓಡುವ ಕಾರಿಗೇ ಆಯಿಲ್ ಬೇಗ ಕೆಡುತ್ತೆ. ಸ್ವಲ್ಪ ದೂರ ಓಡಿ ನಿಲ್ಲಿಸಿದರೆ ಆಯಿಲ್ ಪೂರ್ತಿ ಬಿಸಿ ಆಗೋದೇ ಇಲ್ಲ. ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲ್ ಪಸೆ ಹಾರಿಹೋಗಲ್ಲ. ಮಳೆಗಾಲದಲ್ಲಿ ಆಯಿಲ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಹಾಗೆ ಬಿಳಿ ನೊರೆ ಕಾಣೋದು ಅದಕ್ಕೇ. ಸ್ವಲ್ಪ ಇದ್ದರೆ ಹೆದರಬೇಡಿ, ಒಂದ್ಸಲ ಚಿತ್ರದುರ್ಗದವರೆಗೆ ಹೋಗಿ ಬನ್ನಿ. ಕೂಲೆಂಟ್ ಕಡಿಮೆ ಆಗುತ್ತಾ ನೊರೆಯೂ ಜಾಸ್ತಿ ಆದರೆ ಆಗ ನನ್ನಂಥವರ ಹತ್ತಿರ ಬನ್ನಿ.

ಡಿಸೈರ್ ಸರ್, ನಿಮ್ಮದೂ ಇದೇ ಲೆಕ್ಕ. 4 ಕಿಮೀ ಓಡಾಟ, ನಮ್ಮ ಧೂಳು, ಮೆಕ್ಕೆಜೋಳದ ಸುಗ್ಗಿಯಲ್ಲಿ ರಸ್ತೆ ತುಂಬ ಹೊಟ್ಟು. ಕಂಪನಿ ಪುಸ್ತಕದಲ್ಲಿ ಕಠಿಣ ಓಡಾಟ ಅಂತ ಬೇರೆ ಪಟ್ಟಿ ಇರುತ್ತೆ, ಅದನ್ನು ಯಾರೂ ಓದಲ್ಲ. ನಿಮ್ಮ ಓಡಾಟ ಅದರೊಳಗೇ ಬರುತ್ತೆ.

ಹೊಸ ಕಾರು ಹೊಸ ಭಯ

ನನ್ನದು ಎರಡು ತಿಂಗಳ ಕಾರು. ಹೊರಗೆ ಆಯಿಲ್ ಹಾಕಿಸಿದರೆ ವಾರಂಟಿ ಹೋಗುತ್ತಾ?

ಕೋಟೆನಾಡಿನ ಗಾಳಿ

ಈ ಪ್ರಶ್ನೆ ದೇಶದ ಮಟ್ಟಕ್ಕೇ ಹೋಗಿತ್ತು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,544 ಕೋಟಿ ರೂಪಾಯಿ ದಂಡ ಹಾಕಿತು. ಬಿಡಿಭಾಗ ಹೊರಗೆ ಸಿಗದ ಹಾಗೆ ಮಾಡಿದ್ದಾರೆ ಅನ್ನೋದು ಮುಖ್ಯ ದೂರು. ಹೊರಗಿನ ಗ್ಯಾರೇಜ್‌ಗೆ ಹೋದ ಮಾತ್ರಕ್ಕೆ ವಾರಂಟಿ ರದ್ದು ಅಂತ ಸಾರಾಸಗಟಾಗಿ ಹೇಳಬಾರದು ಅಂತಲೂ ಆದೇಶದಲ್ಲಿ ಇತ್ತು. ಆಮೇಲೆ ಮೇಲ್ಮನವಿಗಳು ನಡೆದವು.

ಕಾಗದದ ಮಾತು ಅದು. ನನ್ನ ಮಾತು ಕೇಳುವುದಾದರೆ, ವಾರಂಟಿ ಇರೋತನಕ ಕಂಪನಿಯಲ್ಲೇ ಮಾಡಿಸಿ. ಮೂರು ಲೀಟರ್ ಆಯಿಲ್‌ನಲ್ಲಿ ಉಳಿಯೋದು ಕೆಲವು ನೂರು. ನಾಳೆ ಎಂಜಿನ್ ತಕರಾರು ಬಂದರೆ ವಾದ ಮಾಡುತ್ತ ಓಡಾಡೋದು ನೀವು. ಬಿಲ್ ಎಲ್ಲ ಒಂದು ಕವರಲ್ಲಿ ಇಡಿ.

ಬೆಣ್ಣೆನಗರಿ ಡಿಸೈರ್

ಹಾಗಾದರೆ ಮಾರುತಿ ಅಥವಾ ಹೋಂಡಾ, ಎರಡೂ ಎಸ್‌ಪಿ, ಎರಡೂ 0ಡಬ್ಲ್ಯು-20. ಯಾವುದಾದರೂ ಒಂದೇನಾ? ಆನ್‌ಲೈನ್‌ನಲ್ಲಿ ಇನ್ನೂ ಕಡಿಮೆಗೆ ಇದೆ.

ಗ್ರೀಸ್ ಕೈ

ಈಗ ನಿಜವಾದ ಪ್ರಶ್ನೆಗೆ ಬಂದಿರಿ. ಎರಡೂ ಸರಿ ಅನ್ನುವಾಗ ನಾನು ಮೂರನೇ ವಿಷಯ ನೋಡುತ್ತೇನೆ. ಅಸಲಿ ಯಾವುದು ಸಿಗುತ್ತೆ ಅಂತ.

ಗುಜರಿಯವನು ನಮ್ಮ ಗ್ಯಾರೇಜ್‌ಗೆ ಬರುತ್ತಾನೆ. ಸಾಮಾನ್ಯ ಪ್ಲಾಸ್ಟಿಕ್ಕನ್ನು ಕೆಜಿ ಲೆಕ್ಕದಲ್ಲಿ ತಗೊಳ್ಳುತ್ತಾನೆ. ಹೆಸರಿರುವ ಕಂಪನಿಯ ಖಾಲಿ ಆಯಿಲ್ ಡಬ್ಬ, ಮುಚ್ಚಳ ಸಮೇತ ಚೆನ್ನಾಗಿದ್ದರೆ ಮಾತ್ರ ಒಂದೊಂದಕ್ಕೆ ಇಷ್ಟು ಅಂತ ಬೇರೆ ರೇಟ್. ಯಾಕೆ ಅಂತ ನೀವೇ ಯೋಚಿಸಿ. ಅವತ್ತಿಂದ ನಾನು ಖಾಲಿ ಡಬ್ಬಕ್ಕೆ ಸ್ಕ್ರೂಡ್ರೈವರ್‌ನಿಂದ ನಾಲ್ಕು ತೂತು ಹೊಡೆದು ಕೊಡುತ್ತೇನೆ. ಅವನಿಗೆ ನನ್ನ ಮೇಲೆ ಸಿಟ್ಟು.

ದಾವಣಗೆರೆಯಲ್ಲಿ ಮಾರುತಿ ಕಾರು ಎಷ್ಟಿವೆ, ಪಿ.ಬಿ. ರಸ್ತೆಯಲ್ಲಿ ಹತ್ತು ನಿಮಿಷ ನಿಂತು ಎಣಿಸಿ. ಹಾಗಾಗಿ ಮಾರುತಿ ಡಬ್ಬ ಜಾಸ್ತಿ ಖರ್ಚಾಗುತ್ತೆ, ಮಾಲು ಹೊಸದಿರುತ್ತೆ, ಕಂಪನಿ ಸರ್ವಿಸ್‌ನ ಪಾರ್ಟ್ಸ್ ಕೌಂಟರ್‌ನಲ್ಲೇ ಬಿಲ್ ಸಮೇತ ಕೊಡುತ್ತಾರೆ. ಹೋಂಡಾ ಡಬ್ಬವೂ ಅಷ್ಟೇ ಒಳ್ಳೇದು, ಆದರೆ ಕಮ್ಮಿ ಹೋಗುವ ಮಾಲು ಧೂಳು ಹಿಡಿದು ಕೂತಿರಬಹುದು. ನಿಮ್ಮೂರಲ್ಲಿ ಯಾವುದು ಬೇಗ ಖಾಲಿ ಆಗುತ್ತೋ ಅದನ್ನು ತಗೊಳ್ಳಿ. ಇದೇ ನಾನು ಹೊಸಪೇಟೆಯಲ್ಲೋ ಮಂಗಳೂರಲ್ಲೋ ಇದ್ದಿದ್ದರೆ ಬೇರೆ ಹೆಸರು ಹೇಳುತ್ತಿದ್ದೆನೋ ಏನೋ.

ಮೆಕ್ಯಾನಿಕಲ್ ಮೇಷ್ಟ್ರು

ಒಂದು ಎಚ್ಚರಿಕೆ. ಮಾರುತಿ ಅಂತ ಹೆಸರಿದ್ದ ಮಾತ್ರಕ್ಕೆ ಒಳಗೆ ಒಂದೇ ಆಯಿಲ್ ಅಲ್ಲ. ಹೊಸ ಮಾಡೆಲ್‌ಗಳಿಗೆ 0ಡಬ್ಲ್ಯು-16 ಬಂದಿದೆ, ಇನ್ನೂ ತೆಳ್ಳಗೆ. ಅದಕ್ಕೆ ಗುರುತೇ ಬೇರೆ, ಗುರಾಣಿ ಆಕಾರದ್ದು. ಡಬ್ಬಗಳು ನೋಡೋಕೆ ಅಣ್ಣ ತಮ್ಮಂದಿರ ಹಾಗೇ ಇರುತ್ತವೆ.

ಬೆಣ್ಣೆನಗರಿ ಡಿಸೈರ್

ಇವತ್ತು ಕೆಲಸ ಮುಗಿಯಿತು. ನಡೆದದ್ದು ಹೇಳುತ್ತೇನೆ.

ಮೊದಲು ಅದೇ ಅಂಗಡಿಗೆ ಹೋಗಿ ಟೊಯೋಟಾ ಡಬ್ಬ ತಿರುಗಿಸಿದೆ. ತಯಾರಿಸಿದ ತಾರೀಖಿನ ಮೇಲೆ ಸರಿಯಾಗಿ ರೇಟ್ ಸ್ಟಿಕ್ಕರ್ ಅಂಟಿಸಿದ್ದರು. ಉಗುರಿಂದ ಕೆರೆದರೆ ನಾಲ್ಕು ವರ್ಷದ ಹಿಂದಿನದು. ಅಂಗಡಿಯವರು "ಆಯಿಲ್ ಕೆಡಲ್ಲ ಸರ್" ಅಂದರು. ಅಲ್ಲಿಗೆ ಅಗ್ಗದ ಗುಟ್ಟು ಗೊತ್ತಾಯಿತು. ಕೈ ಮುಗಿದು ಬಂದೆ.

ಆಮೇಲೆ ಪಾರ್ಟ್ಸ್ ಕೌಂಟರ್‌ಗೆ ಹೋದೆ. ಕೌಂಟರ್‌ನಲ್ಲಿದ್ದ ಹುಡುಗ "ಮಾರುತಿ ಪೆಟ್ರೋಲಾ ಸರ್?" ಅಂತ ಕೇಳಿ ತಟ್ಟನೆ ಒಂದು ಡಬ್ಬ ಇಟ್ಟ. ಬಿಲ್ ಆಗುವ ಮುಂಚೆ ನೋಡಿದರೆ 0ಡಬ್ಲ್ಯು-16! ಮೇಷ್ಟ್ರೇ, ನಿಮ್ಮ ಮಾತು ನೆನಪಾಯಿತು. ನಂದು 2018ರದ್ದು, 20 ಬೇಕು ಅಂದೆ. ಅವನು ಏನೂ ಅಂದುಕೊಳ್ಳದೆ ಬದಲಿಸಿಕೊಟ್ಟ. 3.5 ಲೀಟರ್ ಡಬ್ಬ, ಎಸ್‌ಪಿ, ತಯಾರಾಗಿ ಮೂರು ತಿಂಗಳು. ಫಿಲ್ಟರ್ ಮತ್ತು ಡ್ರೈನ್ ಬೋಲ್ಟ್‌ನ ವಾಷರ್ ಕೂಡ ತಗೊಂಡೆ.

ಮೆಕ್ಯಾನಿಕ್ ಹಳೇ ಫಿಲ್ಟರ್ ಬಿಚ್ಚಿದ ಮೇಲೆ ಅದರ ರಬ್ಬರ್ ಉಂಗುರ ಎಂಜಿನ್‌ಗೇ ಅಂಟಿಕೊಂಡಿದೆಯಾ ಅಂತ ಬೆರಳಾಡಿಸಿ ನೋಡಿದರು. ಅಂಟಿದ್ದು ಗೊತ್ತಾಗದೆ ಹೊಸದು ಹಾಕಿದರೆ ಆಯಿಲ್ ಎಲ್ಲ ರಸ್ತೆ ಮೇಲೆ ಅಂತ ಹೇಳಿದರು. ಹೊಸ ಉಂಗುರಕ್ಕೆ ಸ್ವಲ್ಪ ಆಯಿಲ್ ಸವರಿ ಕೈಯಲ್ಲೇ ಬಿಗಿ ಮಾಡಿದರು. ಮೊದಲು 2.8 ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಆಫ್ ಮಾಡಿ, ಒಂದು ಟೀ ಕುಡಿದು ಬಂದು ಲೆವೆಲ್ ನೋಡಿ ಉಳಿದದ್ದು ಹಾಕಿದರು. ಒಟ್ಟು 3.1. ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗೆರೆಗೆ ಸ್ವಲ್ಪ ಕೆಳಗೆ.

ಚಿಕ್ಕಪ್ಪನೂ ಬಂದಿದ್ದರು. ಹೊಸ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ "ನೀರೇ ಇದು" ಅಂದರು. ಥರ್ಮೋಸ್ಟಾಟ್ ಕಥೆ ಪೂರ್ತಿ ಹೇಳಿದೆ. ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. ಆದರೆ ಡಬ್ಬದಲ್ಲಿ 400 ಮಿಲೀ ಉಳಿದಿದೆ, "ಅದನ್ನ ನನ್ನ ಬೈಕ್‌ಗೆ ಕೊಡು, ಸಿಂಥೆಟಿಕ್ ಅಲ್ವಾ" ಅಂತಿದ್ದಾರೆ. ಕೊಡಲಾ?

ಗ್ರೀಸ್ ಕೈ

ಬೇಡ ಬೇಡ! ಗೇರ್ ಇರುವ ಬೈಕ್‌ನಲ್ಲಿ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತೆ. ಕಾರಿನ ತೆಳು ಆಯಿಲ್‌ನಲ್ಲಿ ಜಾರಿಸುವ ಸೇರ್ಪಡೆ ಜಾಸ್ತಿ, ಕ್ಲಚ್ ಜಾರುತ್ತೆ. ಬೈಕ್‌ಗೆ ಜಾಸೋ ಎಂಎ ಅಂತ ಇರುವ ಆಯಿಲೇ ಆಗಬೇಕು. ಉಳಿದದ್ದನ್ನು ಮುಚ್ಚಳ ಬಿಗಿ ಮಾಡಿ ಇಟ್ಟುಕೊಳ್ಳಿ, ನಿಮ್ಮ ಕಾರಿಗೇ ಟಾಪ್‌ಅಪ್‌ಗೆ ಆಗುತ್ತೆ.

ಬೆಣ್ಣೆನಗರಿ ಡಿಸೈರ್

ಇದನ್ನು ಓದುವಷ್ಟರಲ್ಲಿ ಚಿಕ್ಕಪ್ಪ ಬೈಕ್ ಪಕ್ಕ ಕೂತು ಲಾಳಿಕೆ ಒರೆಸುತ್ತಿದ್ದರು. ಡಬ್ಬ ಕಿತ್ತುಕೊಂಡು ಅಟ್ಟದ ಮೇಲೆ ಇಟ್ಟಿದ್ದೇನೆ.